ಬ್ರೇಕಿನ ಗಾಳಿ ತೆಗೆಯುವ ಭಾನುವಾರಗಳು

ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ಮನೆಗೂ ಓಂಕಾರಪ್ಪನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯ ಆಚೆ ಅವನ ಹಳೇ ಫಿಯೆಟ್ ಕಾರು, ಈಚೆ ನನ್ನ ಈಸಿಚೇರು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು, ಎರಡೂ ಕಿರುಗುಟ್ಟುತ್ತಿದ್ದವು. ಈಸಿಚೇರು ಕಿರುಗುಟ್ಟಿದರೆ ನಾನು ಮಗ್ಗುಲು ಬದಲಿಸುತ್ತಿದ್ದೆ. ಕಾರು ಕಿರುಗುಟ್ಟಿದರೆ ಓಂಕಾರಪ್ಪ ಪಂಚೆ ಬಿಚ್ಚಿಟ್ಟು ಖಾಕಿ ಚಡ್ಡಿ ಏರಿಸಿ ಅದರ ಕೆಳಗೆ ನುಗ್ಗುತ್ತಿದ್ದ.

ಆ ಕಾರಿನ ಬಗ್ಗೆ ನಾನು ಹೇಳುವುದನ್ನು ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಆಲ್ಕೊಳ ಸರ್ಕಲ್ಲಿನಲ್ಲಿ ಅದರ ಹಾರ್ನ್ ಒತ್ತಿದರೆ ದೂರದ ಸಕ್ರೆಬೈಲು ಬಿಡಾರದ ಆನೆಗಳು ಘೀಳಿಟ್ಟು ಉತ್ತರ ಕೊಡುತ್ತಿದ್ದವು. ಒಮ್ಮೆ ಓಂಕಾರಪ್ಪ ಎಂಜಿನ್ನನ್ನೇ ಇಳಿಸಿ ಅಂಗಳದಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ್ದ. ಅವತ್ತು ಭಾನುವಾರ, ಗಂಡಹೆಂಡತಿ ತಿರುಗಾಡಲು ಹೋಗುವ ದಿನ. ಕಾರು ಅಭ್ಯಾಸಬಲದಿಂದ ಎಂಜಿನ್ ಇಲ್ಲದೆಯೇ ಗೇಟಿನವರೆಗೆ ಬಂದು ನಿಂತಿತ್ತು. ಅಂಗಳ ಇಳಿಜಾರು ಇತ್ತು ಎಂದು ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಇಳಿಜಾರು ವಾರವಿಡೀ ಇತ್ತಲ್ಲ, ಕಾರು ಭಾನುವಾರವೇ ಯಾಕೆ ಹೊರಟಿತು? ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಓಂಕಾರಪ್ಪನಿಗೆ ಸವಳಂಗ ರಸ್ತೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ಅಂಗಡಿಯಲ್ಲಿ ಕೂತರೆ ಗಿರಾಕಿ ಕೇಳಿದ್ದಕ್ಕೆ ಮಾತ್ರ ಉತ್ತರ. ಮನೆಗೆ ಬಂದರೆ ಅದೂ ಇಲ್ಲ. ಕಾರನ್ನು ಒಮ್ಮೆ, ಕೊಂಡ ಹೊಸತರಲ್ಲಿ, ಗ್ಯಾರೇಜಿಗೆ ಬಿಟ್ಟಿದ್ದನಂತೆ. ವಾಪಸ್ ಬರುವವರೆಗೆ ಊಟ ಸೇರಲಿಲ್ಲವಂತೆ. ಅಲ್ಲಿಂದ ಮುಂದೆ ಪ್ಲಗ್ ಉಜ್ಜುವುದರಿಂದ ಹಿಡಿದು ಕ್ಲಚ್ ಪ್ಲೇಟ್ ಹಾಕುವವರೆಗೆ ಎಲ್ಲ ಅವನೇ. ಕಾರ್ಬೊರೇಟರ್ ಬಿಚ್ಚಿದ ದಿನ ಅದರ ಸಣ್ಣಸಣ್ಣ ಸಾಮಾನೆಲ್ಲ ಹೆಂಡತಿ ಸುಭದ್ರಮ್ಮನ ಒಗ್ಗರಣೆ ಡಬ್ಬಿಯ ಬಟ್ಟಲುಗಳಲ್ಲಿ ಪೆಟ್ರೋಲ್ ಸ್ನಾನ ಮಾಡುತ್ತಿದ್ದವು. ಮಾರನೆಯ ದಿನ ಅವರ ಮನೆಯ ಸಾರಿನ ವಾಸನೆಗೆ ನಮ್ಮ ಸ್ಕೂಟರ್ ತಾನಾಗಿ ಸ್ಟಾರ್ಟ್ ಆಗುತ್ತಿತ್ತು. ಸುಭದ್ರಮ್ಮ ಬೈಯುತ್ತಿದ್ದರು, ಮುಂದಿನ ಸಲ ತಾವೇ ಡಬ್ಬಿ ಖಾಲಿ ಮಾಡಿ ಕೊಡುತ್ತಿದ್ದರು.

ಎಲ್ಲ ಕೆಲಸವನ್ನೂ ಅವನು ಒಬ್ಬನೇ ಮಾಡಬಲ್ಲವನಾಗಿದ್ದ, ಒಂದನ್ನು ಬಿಟ್ಟು. ಅದು ಬ್ರೇಕಿನ ಗಾಳಿ ತೆಗೆಯುವುದು. ಬ್ರೇಕಿನ ಎಣ್ಣೆಯ ಪೈಪಿನೊಳಗೆ ಗಾಳಿ ಸೇರಿಕೊಂಡರೆ ಪೆಡಲ್ ಹತ್ತಿಯ ದಿಂಬಿನ ಹಾಗೆ ಮೆತ್ತಗಾಗುತ್ತದೆ, ಕಾರು ನಿಲ್ಲುವುದಿಲ್ಲ. ಗಾಳಿ ತೆಗೆಯಲು ಇಬ್ಬರು ಬೇಕೇ ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ತುಳಿದು ಹಿಡಿದಿರಬೇಕು. ಇನ್ನೊಬ್ಬರು ಕೆಳಗೆ ಮಲಗಿ, ಚಕ್ರದ ಹಿಂದಿರುವ ನಿಪ್ಪಲ್ ಎಂಬ ತೂತಿನ ತಿರುಪನ್ನು ಸ್ವಲ್ಪ ಸಡಿಲಿಸಿ, ಗುಳ್ಳೆ ಹೊರಬಂದ ಕೂಡಲೇ ಬಿಗಿಯಬೇಕು. ಮೇಲಿನವರು ಬೇಗ ಕಾಲು ತೆಗೆದರೆ ಹೋದ ಗಾಳಿ ಮತ್ತೆ ಒಳಗೆ. ಹೀಗೆ ನಾಲ್ಕೂ ಚಕ್ರಕ್ಕೆ.

ಮೇಲೆ ಕೂತು ತುಳಿಯುತ್ತಿದ್ದವರು ಸುಭದ್ರಮ್ಮ. ಮದುವೆಯಾದ ಹೊಸದರಲ್ಲಿ ಕಲಿತದ್ದಂತೆ. ಗೋಡೆಯ ಈಚೆ ನನಗೆ ಎಲ್ಲ ಕೇಳುತ್ತಿತ್ತು.

“ತುಳಿ.”

“ತುಳಿದೆ.”

“ಹಿಡ್ಕೊ.”

“ಹಿಡಿದೀನಿ.”

“ಹ್ಞಾ, ಬಿಡು. ಅಲ್ಲ ಕಣೇ, ನಿಮ್ಮಣ್ಣನ ಮನೆ ಗೃಹಪ್ರವೇಶಕ್ಕೆ ಏನು ಕೊಡೋಣ?”

ಎದುರಿಗೆ ಕೂತರೆ ‘ಊಟ ಆಯ್ತಾ’ ಎನ್ನುವುದರಾಚೆ ಬಾಯಿ ಬಿಡದ ಮನುಷ್ಯ, ಕಾರಿನ ಕೆಳಗೆ ಹೋದರೆ ರೇಡಿಯೋ ಹಾಕಿದ ಹಾಗೆ ಮಾತಾಡುತ್ತಿದ್ದ. ಹೆಂಡತಿಯ ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಇರಬೇಕು. ಕಾಣುತ್ತಿದ್ದದ್ದು ಅವರ ಪಾದ ಒತ್ತಿದಾಗ ಬರುವ ಎಣ್ಣೆ ಮಾತ್ರ. ಮಗಳು ಸುಮನಾಳ ಮದುವೆ ನಿಶ್ಚಯವಾದದ್ದು ಎಡಗಡೆ ಹಿಂದಿನ ಚಕ್ರದಲ್ಲಿ. ಊಟಕ್ಕೆ ಹೋಳಿಗೆಯೋ ಲಾಡೋ ಎಂಬುದು ಮುಂದಿನ ಚಕ್ರಕ್ಕೆ ಬರುವ ಹೊತ್ತಿಗೆ ತೀರ್ಮಾನವಾಯಿತು.

ಸುಮನಾಳನ್ನು ಕೊಟ್ಟದ್ದು ಭದ್ರಾವತಿಯ ಹೊಸಮನೆ ಬಡಾವಣೆಗೆ. ಅಳಿಯ ಜ್ಞಾನೇಶನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಸುಮನಾ ಶಾಲೆಯ ಟೀಚರ್. ಮನೆಯಲ್ಲಿ ಇನ್ನೊಬ್ಬರೆಂದರೆ ಜ್ಞಾನೇಶನ ತಂದೆ ಹಾಲೇಶಪ್ಪನವರು, ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಅವರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ತೊಂಬತ್ತೆಂಟರಲ್ಲಿ ಸುಮನಾಳಿಗೆ ಗಂಡುಮಗು ಆಯಿತು. ಬಾಣಂತನ ರವೀಂದ್ರನಗರದಲ್ಲೇ ನಡೆಯಿತು. ಆಮೇಲೆ ಶಾಲೆ ಶುರುವಾಯಿತು. ಮಗುವನ್ನು ನೋಡಿಕೊಳ್ಳಲು ಆ ಮನೆಯಲ್ಲಿ ಹೆಂಗಸರಿಲ್ಲ. ‘ಸ್ವಲ್ಪ ದಿನ ಇದ್ದು ಬರ್ತೀನಿ’ ಎಂದು ಸುಭದ್ರಮ್ಮ ತೊಟ್ಟಿಲಿನ ಜೊತೆ ಹೊರಟರು. ಮಗು ಬೋರಲಾಯಿತು, ಅಂಬೆಗಾಲಿಟ್ಟಿತು. ಸುಭದ್ರಮ್ಮ ಬರಲಿಲ್ಲ.

ಭದ್ರಾವತಿ ಏನು ಕಾಶಿಯೇ? ಬಸ್ಸಿನಲ್ಲಿ ಕೂತು ಒಂದು ಪೊಟ್ಟಣ ಕಡಲೆಕಾಯಿ ತಿಂದು ಮುಗಿಸುವಷ್ಟರಲ್ಲಿ ಬರುವ ಊರು. ಆದರೆ ಓಂಕಾರಪ್ಪ ಹೆಣ್ಣು ಕೊಟ್ಟ ಮನೆಗೆ ಕರೆಯದೆ ಹೋಗುವವನಲ್ಲ. ಬೀಗರು ಏನಂದುಕೊಂಡಾರು? ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರಕ್ಕೆ ಹೋಗಿದ್ದಾಗ ನಡುಮನೆಯ ಸೋಫಾದ ತುದಿಯಲ್ಲಿ ಕೂತಿದ್ದ. ಸುಭದ್ರಮ್ಮ ಕಾಫಿ ತಂದರು. “ಆರಾಮಿದೀರಾ?” “ಹ್ಞೂಂ.” ಅಲ್ಲಿಗೆ ಗಂಡಹೆಂಡಿರ ಭೇಟಿ ಮುಗಿಯಿತು. ಫೋನ್ ಮಾಡಿದರೆ ಹಾಲೇಶಪ್ಪನವರೇ ಎತ್ತುತ್ತಿದ್ದರು. ಅವರ ಊರಿನ ಮಳೆ, ಇವನ ಊರಿನ ಮಳೆ ಎಲ್ಲ ಸುರಿದಾದ ಮೇಲೆ ಸುಭದ್ರಮ್ಮನ ಕೈಗೆ ರಿಸೀವರ್. ಆ ಹೊತ್ತಿಗೆ ಇವನಿಗೆ ಕೇಳಲು ಉಳಿದಿರುತ್ತಿದ್ದದ್ದು ‘ಊಟ ಆಯ್ತಾ’ ಒಂದೇ.

ಅವನಿಗೆ ಬೇಕಿದ್ದದ್ದು ಒಂದೇ, ಹೆಂಡತಿ ಮನೆಗೆ ಬರಬೇಕು. ಅದನ್ನು ಕೇಳುವ ದಾರಿ ಗೊತ್ತಿರಲಿಲ್ಲ. ಅಜ್ಜನಾದವನು ‘ನನಗೆ ಹೆಂಡತಿ ಬೇಕು’ ಎಂದು ಯಾರ ಮುಂದೆ ಹೇಳುವುದು?

ಒಂದು ದಿನ ನಿಜಕ್ಕೂ ಬ್ರೇಕ್ ಮೆತ್ತಗಾಯಿತು. ಗೋಡೆ ಮೇಲಿಂದ ನನ್ನನ್ನು ಕರೆದ. ನಾನು ಹೋಗಿ ಸೀಟಿನಲ್ಲಿ ಕೂತೆ.

“ತುಳೀರಿ ಮೇಷ್ಟ್ರೇ.”

“ತುಳಿದೆ ಮಾರಾಯ. ಅಂದಹಾಗೆ, ನಾನು ತೀರ್ಥಹಳ್ಳಿಯಲ್ಲಿದ್ದಾಗ ಒಂದು ಬಸ್ಸಿಗೆ ಬ್ರೇಕೇ ಇರಲಿಲ್ಲ, ಡ್ರೈವರ್ರು ಸ್ಟಾಪ್ ಬಂದಾಗ...”

“ಕಾಲು ಯಾಕೆ ತೆಗೆದ್ರಿ? ಗಾಳಿ ಎಲ್ಲ ಒಳಗೋಯ್ತು! ತುಳೀರಿ ಅಂದ್ರೆ ತುಳೀರಿ, ಪಾಠ ಮಾಡಬೇಡಿ.”

ಅಂತೂ ನಾಲ್ಕು ಚಕ್ರ ಮುಗಿಸುವಷ್ಟರಲ್ಲಿ ನನ್ನ ಮೊಣಕಾಲಿಗೂ ಗಾಳಿ ಹೊಕ್ಕಿತ್ತು. ಓಂಕಾರಪ್ಪ ಹೊರಗೆ ಬಂದವನು ಎದ್ದು ನಿಲ್ಲಲಿಲ್ಲ. ಚಕ್ರಕ್ಕೆ ಒರಗಿ ಕೂತು ಹಳೇ ಸೀರೆಯ ಚೂರಿನಲ್ಲಿ ಕೈ ಒರೆಸಿಕೊಂಡ. ಆ ಚೂರು ಯಾವ ಸೀರೆಯದು ಎಂದು ಬಿಡಿಸಿ ನೋಡಿದ.

“ಅವಳಾಗಿದ್ರೆ ನಾನು ಹೇಳೋಕೆ ಮುಂಚೆನೇ ಹಿಡ್ಕೊಂಡಿರ್ತಿದ್ಲು” ಎಂದ.

ನಾನು ತಮಾಷೆ ಮಾಡಲು ಬಾಯಿ ತೆರೆದವನು ಸುಮ್ಮನಾದೆ. ನನ್ನ ಬದುಕಿನಲ್ಲಿ ಅಂಥದ್ದು ಬಹಳ ಸಲ ನಡೆದಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ಹಾರ್ನ್ ಆಯಿತು. “ಬನ್ನಿ ಮೇಷ್ಟ್ರೇ, ಭದ್ರಾವತೀಲಿ ಹಳೇ ಸ್ಪೇರ್ ಪಾರ್ಟು ಸಿಗುತ್ತಂತೆ, ನೋಡ್ಕೊಂಡು ಬರೋಣ.” ನಾನು ಶರ್ಟ್ ಹಾಕಿಕೊಂಡು ಹತ್ತಿದೆ. ಮಲವಗೊಪ್ಪ ದಾಟಿತು, ಮಾಚೇನಹಳ್ಳಿ ದಾಟಿತು, ಕಾರು ಹೊಸ ಮದುಮಗನ ಹಾಗೆ ಓಡಿತು. ಊರೊಳಗೆ ಹೋದವನು ಸ್ಪೇರ್ ಪಾರ್ಟಿನ ಅಂಗಡಿಯ ಕಡೆ ತಿರುಗಿಯೂ ನೋಡದೆ ಹೊಸಮನೆಗೆ ಬಂದ. ಹಾಲೇಶಪ್ಪನವರ ಗೇಟಿನ ಮುಂದೆ ಬ್ರೇಕ್ ಹಾಕಿದ. ಕಾರು ಚಾಕುವಿನಿಂದ ಕೊಯ್ದ ಹಾಗೆ ನಿಂತಿತು.

“ಬ್ರೇಕ್ ಹಿಡೀತಾನೇ ಇಲ್ಲ” ಎಂದ ಓಂಕಾರಪ್ಪ.

ನಾನು ಡ್ಯಾಶ್‌ಬೋರ್ಡಿನಿಂದ ಹಣೆ ಎತ್ತುತ್ತಾ “ಹೌದೌದು” ಎಂದೆ.

ಹಾಲೇಶಪ್ಪನವರು ಹೊರಗೆ ಬಂದರು. ಎತ್ತರದ ಆಳು, ಕ್ರೇನಿನ ಮೇಲಿಂದ ಕೆಳಗಿನವರಿಗೆ ಕೂಗಿ ಕೂಗಿ ದನಿ ದೊಡ್ಡದು.

“ಓಹೋ ಬೀಗ್ರು! ಬನ್ನಿ ಬನ್ನಿ. ಏನಾಯ್ತು?”

“ಏನಿಲ್ಲ ಬೀಗ್ರೇ, ಬ್ರೇಕಿಗೆ ಗಾಳಿ ಹೊಕ್ಕಿದೆ. ಹಿಂಗೇ ಹೋಗೋದು ಡೇಂಜರ್ರು. ಯಾರಾದ್ರೂ ಸ್ವಲ್ಪ ಪೆಡಲ್ ತುಳಿದ್ರೆ...”

“ಅಷ್ಟೇ ತಾನೆ? ನಾನಿದೀನಲ್ಲ!”

ಓಂಕಾರಪ್ಪನ ಮುಖ ನೋಡಬೇಕಿತ್ತು. ಹಾಲೇಶಪ್ಪನವರು ಆಗಲೇ ಸೀಟಿನಲ್ಲಿ ಕೂತಾಗಿತ್ತು. ಇವನು ಗೋಣಿಚೀಲ ಹಾಸಿ ಕೆಳಗೆ ತೂರಿದ.

“ತುಳೀರಿ. ಹಂಗಲ್ಲ, ಮೆಲ್ಲಗೆ. ಇಷ್ಟು ಮೆಲ್ಲಗಲ್ಲ. ಅಯ್ಯೋ, ಬಿಟ್ರಾ?”

“ಎಲ್ಲಿ ಬಿಟ್ಟೆ? ಸರ್ವಿಸ್ ಪೂರ್ತಿ ಕ್ರೇನ್ ಓಡಿಸಿದೀನಿ ಬೀಗ್ರೇ, ಕಾದ ಕಬ್ಬಿಣ ಎತ್ತಿದೀನಿ. ಒಂದು ಪೆಡಲ್ ತುಳಿಯಕ್ಕೆ ಬರಲ್ವಾ ನಂಗೆ?”

“ಕ್ರೇನು ಬೇರೆ, ಫಿಯೆಟ್ ಬೇರೆ. ಇದಕ್ಕೆ ಕಾಲು ಪಳಗಿರಬೇಕು. ನಮ್ಮ ಮನೇಲಿ...” ಎಂದ ಕೆಳಗಿನ ದನಿ ಅಲ್ಲಿಗೇ ನಿಂತಿತು.

ಹಾಲೇಶಪ್ಪನವರು ಇಳಿದು, ಒಳಗೆ ಮುಖ ಮಾಡಿ ಕೂಗಿದರು. “ಅಕ್ಕಾರೇ, ಸ್ವಲ್ಪ ಬನ್ನಿ. ನಿಮ್ಮ ಯಜಮಾನ್ರ ಕಾರಿಗೆ ನಿಮ್ಮ ಕಾಲೇ ಬೇಕಂತೆ!”

ಸುಭದ್ರಮ್ಮ ಮಗುವನ್ನು ಹಾಲೇಶಪ್ಪನವರ ಕೈಗೆ ಕೊಟ್ಟು ಸೆರಗು ಸಿಕ್ಕಿಸಿಕೊಂಡು ಬಂದು ಕೂತರು. ಚಪ್ಪಲಿ ಬಿಟ್ಟರು. ಒಂದು ಸಲ ತುಳಿದರು. ಆ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ನಾನು ಜಗಲಿಯ ಮೇಲೆ ಕೂತು ಪೇಪರ್ ಹಿಡಿದಿದ್ದೆ, ತಲೆಕೆಳಗಾಗಿ.

“ಹಿಡ್ಕೊ.”

“ಹಿಡಿದೀನಿ. ಇಷ್ಟ್ಯಾಕೆ ಸೊರಗಿದೀರಿ?”

“ಎಲ್ಲಿ? ಬಿಡು. ಬೆಳಿಗ್ಗೆ ಉಪ್ಪಿಟ್ಟು ಮಾಡ್ಕೋತೀನಿ.”

“ಸಂಜೆ?”

“ಮಿಕ್ಕ ಉಪ್ಪಿಟ್ಟು. ತುಳಿ.”

ಮೇಲೆ ನಗು ಕೇಳಿತು. ಬಲಗಡೆ ಚಕ್ರಕ್ಕೆ ಬರುವ ಹೊತ್ತಿಗೆ ತುಳಸಿಕಟ್ಟೆ, ಅಂಗಡಿ, ಮಗುವಿನ ಹಲ್ಲು, ಪಕ್ಕದ ಮನೆ ಮೇಷ್ಟ್ರ ಬಾಯಿ ಎಲ್ಲದರ ವಿಚಾರವೂ ಆಗಿತ್ತು. ಕೊನೆಯ ಚಕ್ರದಲ್ಲಿ ಅವನು ಕೇಳಿದ.

“ಯಾವಾಗ ಬರ್ತೀಯ?”

ಪೆಡಲ್ ಮೇಲೆ ಕಾಲು ಹಾಗೇ ಇತ್ತು. “ಮಗೂನ ಬಿಟ್ಟು ಹೆಂಗೆ ಬರ್ಲಿ, ನೀವೇ ಹೇಳಿ.”

ಅವನು ಬಹಳ ಹೊತ್ತು ನಿಪ್ಪಲ್ ಬಿಗಿಯುತ್ತಿದ್ದ.

ವಾಪಸ್ ಬರುವಾಗ ಕಾರಿನಲ್ಲಿ ಶಿಳ್ಳೆ ಹಾಕಿದ. ಅವನು ಶಿಳ್ಳೆ ಹಾಕಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮುಂದಿನ ಭಾನುವಾರವೂ ಬ್ರೇಕ್ ಹೋಯಿತು. ಅದರ ಮುಂದಿನ ಭಾನುವಾರವೂ ಹೋಯಿತು. ಶಿವಮೊಗ್ಗದಲ್ಲಿ ಸೋಮವಾರದಿಂದ ಶನಿವಾರದವರೆಗೆ ಬೆಕ್ಕು ಅಡ್ಡಬಂದರೂ ನಿಲ್ಲುತ್ತಿದ್ದ ಕಾರು, ಭದ್ರಾ ನದಿ ಕಂಡ ಕೂಡಲೇ ಬ್ರೇಕು ಕಳೆದುಕೊಳ್ಳುತ್ತಿತ್ತು. ನೀರಿನ ದೋಷ ಎಂದು ನಾನೇ ಹಾಲೇಶಪ್ಪನವರಿಗೆ ವಿವರಿಸಿದೆ.

ದೀಪಾವಳಿ ಹತ್ತಿರ ಬಂತು. ಓಂಕಾರಪ್ಪನ ಮನೆಯಲ್ಲಿ ಹಬ್ಬಕ್ಕೆ ಹಿರಿಯರ ಪೂಜೆ. ಸತ್ತ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಎಡೆ ಹಿಡಿಯಬೇಕು, ಅದಕ್ಕೆ ಮನೆ ಯಜಮಾನಿ ಬೇಕು. ಇದು ಹಾಲೇಶಪ್ಪನವರೂ ಒಪ್ಪುವ ಕಾರಣ. ಸುಭದ್ರಮ್ಮ ಮಗಳ ಹತ್ತಿರ ಮಾತಾಡಿದರು. ಸುಮನಾಳಿಗೂ ರಜೆ, ಮಗುವಿಗೂ ತಾಯಿಯ ತವರಿನ ಮೊದಲ ಹಬ್ಬ. ಹಬ್ಬ ಮುಗಿದರೂ ಶಾಲೆ ಶುರುವಾಗುವವರೆಗೆ ಎಲ್ಲರೂ ರವೀಂದ್ರನಗರದಲ್ಲಿ ಇರುವುದು ಎಂದಾಯಿತು. ಜ್ಞಾನೇಶನೂ ಹ್ಞೂಂ ಎಂದ. ಓಂಕಾರಪ್ಪ ಮನೆಗೆ ಸುಣ್ಣ ಬಳಿಸಿದ. ಕರೆದುಕೊಂಡು ಬರಲು ಕಾರು ತೊಳೆದು ಹೊರಟೆವು.

ನಡುಮನೆಯಲ್ಲಿ ಬ್ಯಾಗುಗಳು ಸಿದ್ಧವಾಗಿದ್ದವು. ಹಾಲೇಶಪ್ಪನವರು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ಬೀಗ್ರೇ, ಬೇಜಾರು ಮಾಡ್ಕೋಬೇಡಿ. ಈ ಕಾರಲ್ಲಿ ನಾನು ಮಗೂನ ಕಳ್ಸಲ್ಲ.”

“ಯಾಕೆ ಬೀಗ್ರೇ?” ಎಂದ ಓಂಕಾರಪ್ಪ.

“ಯಾಕಾ? ವಾರವಾರ ಬ್ರೇಕ್ ಫೇಲು. ನೀವು ರಿಪೇರಿ ಮಾಡಿ ಹೋಗ್ತೀರಿ, ಮತ್ತೆ ಬರೋವಾಗ ಫೇಲು. ನಾನು ಟ್ಯಾಕ್ಸಿ ಹೇಳಿದೀನಿ. ಹಬ್ಬದ ದಿನ ಬೆಳಿಗ್ಗೆ ಬರ್ತಾರೆ, ಸಂಜೆ ಅದೇ ಟ್ಯಾಕ್ಸೀಲಿ ವಾಪಸ್ಸು.”

ಸುಮನಾ ಮೆಲ್ಲಗೆ ಹೇಳಿದಳು. “ಮಾವಾ, ರಜೆ ಮುಗಿಯೋವರೆಗೂ ಇರೋಣ ಅಂತ...”

“ಇರಮ್ಮ, ಬೇಡ ಅಂದೆನಾ? ಆದ್ರೆ ಸರಿಹೊತ್ತಲ್ಲಿ ಮಗೂಗೆ ಜ್ವರ ಬಂದ್ರೆ ಡಾಕ್ಟ್ರ ಹತ್ರ ಯಾವುದ್ರಲ್ಲಿ ಓಡ್ತೀರಿ? ಇದ್ರಲ್ಲಾ?”

ಅದಕ್ಕೆ ಉತ್ತರ ಓಂಕಾರಪ್ಪನ ಹತ್ತಿರ ಇತ್ತು, ಆದರೆ ಅದನ್ನು ಹೇಳುವುದಕ್ಕಿಂತ ಬರಿಗೈಯಲ್ಲಿ ಸೈಲೆನ್ಸರ್ ಹಿಡಿಯುವುದು ಸುಲಭ. ಅವನು ಬ್ಯಾಗುಗಳನ್ನು ನೋಡಿದ. ಸುಭದ್ರಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದರು.

“ಬ್ರೇಕ್ ಚೆನ್ನಾಗಿದೆ ಬೀಗ್ರೇ” ಎಂದ.

“ಇವತ್ತು ಚೆನ್ನಾಗಿರುತ್ತೆ.”

“ಯಾವತ್ತೂ ಚೆನ್ನಾಗೇ ಇತ್ತು. ಒಂದು ಭಾನುವಾರಾನೂ ಕೆಟ್ಟಿರಲಿಲ್ಲ.”

“ಮತ್ತೆ ಕೆಳಗೆ ಮಲಗಿ ಏನು ಮಾಡ್ತಿದ್ರಿ?”

ಓಂಕಾರಪ್ಪನ ಕಿವಿ ಕೆಂಪಾಯಿತು. “ಇವಳನ್ನ ನೋಡಬೇಕು ಅನ್ಸ್ತಿತ್ತು” ಎಂದ. “ಮಾತಾಡಬೇಕು ಅನ್ಸ್ತಿತ್ತು. ಅದಕ್ಕೆ.”

ಹಾಲೇಶಪ್ಪನವರು ಒಂದು ಕ್ಷಣ ನೋಡಿ ಜೋರಾಗಿ ನಕ್ಕುಬಿಟ್ಟರು. “ಬಿಡಿ ಬೀಗ್ರೇ! ಮೊಮ್ಮಗನ್ನ ಕರ್ಕೊಂಡು ಹೋಗಕ್ಕೆ ಹಿಂಗೂ ಕಥೆ ಕಟ್ತೀರಾ? ಮೇಷ್ಟ್ರ ಸಹವಾಸ ಮಾಡಿ ನೀವೂ ಕೆಟ್ರಿ.”

ಇದು ನನಗೆ ಅವಮಾನ. ನಾನು ಕಟ್ಟುವ ಕಥೆ ಇದಕ್ಕಿಂತ ಎಷ್ಟೋ ನಂಬುವಂತೆ ಇರುತ್ತದೆ. ಆದರೆ ಓಂಕಾರಪ್ಪ ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದ್ದ. ಅಷ್ಟು ಕಷ್ಟಪಟ್ಟು ಹೇಳಿದ ಮಾತನ್ನು ಯಾರೂ ನಂಬದಿದ್ದರೆ ಮನುಷ್ಯ ಇನ್ನೇನು ಮಾಡಿಯಾನು?

“ನಿಜ ಅಣ್ಣಾರೆ” ಎಂದರು ಸುಭದ್ರಮ್ಮ.

ಎಲ್ಲರೂ ಆ ಕಡೆ ತಿರುಗಿದೆವು.

“ಮೊದಲ್ನೇ ಸಲ ಕಾಲಿಟ್ಟಾಗ್ಲೇ ಗೊತ್ತಾಯ್ತು ನಂಗೆ. ಗಾಳಿ ಇದ್ರೆ ಪೆಡಲ್ ಮೆತ್ತಗಿರುತ್ತೆ. ಅದು ಕಲ್ಲಿನಂಗಿತ್ತು. ಗೊತ್ತಾದ್ರೂ ನಾನೂ ಹೇಳ್ಲಿಲ್ಲ. ಹೇಳಿದ್ರೆ ಮುಂದಿನ ವಾರ ಬರ್ತಿರ್ಲಿಲ್ವಲ್ಲ.”

ಸುಮನಾ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ನಕ್ಕಳೋ ಅತ್ತಳೋ ನನಗೆ ಕಾಣಲಿಲ್ಲ. ಹಾಲೇಶಪ್ಪನವರು ಮಗುವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡರು. ಅವರ ದೊಡ್ಡ ದನಿ ಎಲ್ಲೋ ಹೋಗಿತ್ತು.

“ಬೀಗ್ರೇ, ನೋಡಬೇಕು ಅನ್ಸಿದಾಗ ಬರಬಾರ್ದಾ? ಇದಕ್ಕೆ ಕಾರು ಕೆಡಬೇಕಾ?” ಎಂದರು. “ನಂಗೂ ಅನ್ಸುತ್ತೆ. ನಂಗೆ ಹೋಗಕ್ಕೆ ಊರಿಲ್ಲ, ಅಷ್ಟೇ.” ಆಮೇಲೆ ಮಗುವನ್ನು ಅವರೇ ತಂದು ಸುಭದ್ರಮ್ಮನ ತೊಡೆಯ ಮೇಲೆ, ಫಿಯೆಟ್ಟಿನ ಹಿಂದಿನ ಸೀಟಿನಲ್ಲಿ ಕೂರಿಸಿದರು.

ಅವತ್ತು ಓಂಕಾರಪ್ಪ ಎಷ್ಟು ನಿಧಾನ ಓಡಿಸಿದ ಎಂದರೆ, ಹಿಂದಿನಿಂದ ಬಂದ ಎತ್ತಿನಗಾಡಿಯವನು ದಾರಿ ಸಿಗದೆ ಬೇಸತ್ತು ಎತ್ತು ಬಿಚ್ಚಿ ಮೇಯಲು ಬಿಟ್ಟ. ಹಬ್ಬ ಚೆನ್ನಾಗಿ ಆಯಿತು. ಗೋಡೆಯ ಆಚೆ ಮಗು ಅಳುವುದು, ಒಗ್ಗರಣೆ ಸಿಡಿಯುವುದು, ‘ಏನ್ರೀ, ಟವೆಲ್ ಎಲ್ಲಿಟ್ರಿ’ ಎನ್ನುವುದು ಎಲ್ಲ ಕೇಳುತ್ತಾ ನಾನು ಈಸಿಚೇರಿನಲ್ಲಿ ಮಗ್ಗುಲು ಬದಲಿಸುವುದನ್ನೇ ಮರೆತಿದ್ದೆ. ಆಮೇಲೆ ರಜೆ ಮುಗಿಯಿತು. ಬ್ಯಾಗುಗಳು ಮತ್ತೆ ಕಾರು ಹತ್ತಿದವು.

ಅಲ್ಲಿಂದ ಮುಂದೆ ಓಂಕಾರಪ್ಪ ಪ್ರತಿ ಭಾನುವಾರ ರಾಜಾರೋಷವಾಗಿ ಭದ್ರಾವತಿಗೆ ಹೋಗಬಹುದಿತ್ತು. ಹಾಲೇಶಪ್ಪನವರು ಶನಿವಾರವೇ ಫೋನ್ ಮಾಡಿ ಕರೆಯುತ್ತಿದ್ದರು. ಸೋಫಾದ ಮೇಲೆ ಹೊಸ ಬಟ್ಟೆ ಹಾಸಿರುತ್ತಿದ್ದರು. ಶಾವಿಗೆ ಪಾಯಸ, ಬೋಂಡ, ಮಧ್ಯಾಹ್ನಕ್ಕೆ ರೊಟ್ಟಿ, ಪಲ್ಯ. ಬೀಗರಿಗೆ ಬೇಸರವಾಗಬಾರದೆಂದು ಒಂದು ನಿಮಿಷವೂ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಸುಭದ್ರಮ್ಮ ಬಡಿಸಲು ಬರುತ್ತಿದ್ದರು. “ಇನ್ನೊಂದು ರೊಟ್ಟಿ?” “ಸಾಕು.” ಮುಗಿಯಿತು.

ವಾಪಸ್ ಬರುವಾಗ ಶಿಳ್ಳೆ ಇರಲಿಲ್ಲ.

“ಏನಯ್ಯಾ, ಹೊಟ್ಟೆ ತುಂಬಾ ತಿಂದು ಮುಖ ಯಾಕೆ ಹಿಂಗೆ?” ಎಂದು ನಾನು ಕೇಳಿದೆ.

“ಎಲ್ಲ ಚೆನ್ನಾಗಿ ನೋಡ್ಕೋತಾರೆ ಮೇಷ್ಟ್ರೇ” ಎಂದ. ಬಿದರೆ ದಾಟಿದ ಮೇಲೆ ಇನ್ನೊಂದು ಮಾತು ಬಂತು. “ಅವಳು ಏನೋ ಹೇಳಬೇಕು ಅಂತಿದ್ಲು. ನೀರು ಹಾಕುವಾಗ ನೋಡಿದ್ಲು. ಏನು ಅಂತ ಗೊತ್ತಾಗ್ಲಿಲ್ಲ.”

ಹೀಗೆ ಸಂಕ್ರಾಂತಿಯೂ ಕಳೆಯಿತು. ಒಂದು ಭಾನುವಾರ ಊಟವಾಗಿ ನಾವು ಮೂವರು ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದೆವು. ಹಾಲೇಶಪ್ಪನವರ ಮಾತು ಕಾರ್ಖಾನೆಯ ಕುಲುಮೆಯಿಂದ ಹೊರಟು ಇನ್ನೂ ಗೇಟಿನವರೆಗೂ ಬಂದಿರಲಿಲ್ಲ. ಸುಭದ್ರಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ನಮ್ಮನ್ನು ದಾಟಿ, ಗೇಟು ತೆಗೆದು, ಕಾರಿನ ಬಾಗಿಲು ತೆರೆದು ಸೀಟಿನಲ್ಲಿ ಕೂತರು. ಚಪ್ಪಲಿ ಬಿಟ್ಟು ಪೆಡಲ್ ಮೇಲೆ ಕಾಲಿಟ್ಟರು.

“ಏನ್ರೀ” ಎಂದರು, ಬೀದಿಗೆಲ್ಲ ಕೇಳುವ ಹಾಗೆ. “ಬ್ರೇಕ್ ಯಾಕೋ ಮೆತ್ತಗಿದೆ. ಬಂದು ನೋಡಬಾರ್ದಾ?”

ಓಂಕಾರಪ್ಪ ಬೀಗರ ಮುಖ ನೋಡಿದ. ಹಾಲೇಶಪ್ಪನವರು ಕಾರಿನ ಕಡೆ ನೋಡಲೇ ಇಲ್ಲ. ಅರ್ಧಕ್ಕೆ ನಿಂತ ಮಾತನ್ನು ಅಲ್ಲೇ ಬಿಟ್ಟು ಎದ್ದು ನನ್ನ ರಟ್ಟೆ ಹಿಡಿದರು.

“ಬನ್ನಿ ಮೇಷ್ಟ್ರೇ. ಹಿತ್ತಲಲ್ಲಿ ನುಗ್ಗೆಕಾಯಿ ಬಿಟ್ಟಿದೆ, ಕಿತ್ಕೊಡ್ತೀನಿ.”

ಹಿತ್ತಲಿಗೆ ಹೋಗುವಾಗ ಗೋಣಿಚೀಲ ಕೊಡವಿದ ಸದ್ದು ಕೇಳಿತು. ಆಮೇಲೆ “ತುಳಿ” ಎಂದದ್ದು. ಅದರಾಚೆ ಅವರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಹಾಲೇಶಪ್ಪನವರು ಗಳು ಹಿಡಿದು ಮರದ ಕೆಳಗೆ ನಿಂತರು, ನಾನು ಬಿದ್ದದ್ದನ್ನು ಆರಿಸಿದೆ. ಕೈಗೆಟುಕುವ ಕಾಯಿ ಮುಗಿದವು, ಗಳುವಿಗೆ ಎಟುಕುವವೂ ಮುಗಿದವು. ಆದರೂ ನಾವಿಬ್ಬರು ಮುದುಕರು ಮೇಲೆ ನೋಡುತ್ತಾ ಅಲ್ಲೇ ನಿಂತಿದ್ದೆವು.